ರುಜು ಹಾಕಿದವರು

1941ರ ಜನವರಿಯಲ್ಲಿ ನೆದರ್ಲೆಂಡ್ಸ್‌ನಲ್ಲಿ ಒಂದು ಆದೇಶ ಹೊರಬಿತ್ತು. ಪ್ರತಿಯೊಬ್ಬ ಯಹೂದಿಯೂ ತನ್ನ ಊರಿನ ಪುರಸಭೆಯಲ್ಲಿ ತಾನು ಯಹೂದಿ ಎಂದು ಬರೆಸಬೇಕು, ಬರೆಸಿದ್ದಕ್ಕೆ ಒಂದು ಗಿಲ್ಡರ್ ಶುಲ್ಕ ಕಟ್ಟಬೇಕು. ಜನ ಹೋಗಿ ಬರೆಸಿದರು. ಅಜ್ಜ ಅಜ್ಜಿಯರ ಪೈಕಿ ಎಷ್ಟು ಮಂದಿ ಯಹೂದಿಗಳು ಎಂಬ ಕಾಲಂ ತುಂಬಿದರು. ಆ ಅರ್ಜಿ ತೆಗೆದುಕೊಂಡವರು ಜರ್ಮನ್ ಸೈನಿಕರಲ್ಲ. ಹುಟ್ಟು, ಸಾವು, ಮದುವೆಗಳನ್ನು ವರ್ಷಗಟ್ಟಲೆ ಬರೆದುಕೊಂಡು ಬಂದಿದ್ದ ಅದೇ ಊರಿನ ಡಚ್ ಗುಮಾಸ್ತರು. ಅವರು ಹಣ ಎಣಿಸಿಕೊಂಡರು, ಕಾರ್ಡು ತುಂಬಿ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟರು. ಒಂದೂವರೆ ವರ್ಷದ ಮೇಲೆ ಮನೆ ಹುಡುಕಿಕೊಂಡು ಬಂದ ಪೊಲೀಸರ ಕೈಯಲ್ಲಿದ್ದ ವಿಳಾಸಗಳು ಆ ಪೆಟ್ಟಿಗೆಗಳಿಂದ ಬಂದವು.

ಯಹೂದಿಗಳ ಮೇಲೆ ನಡೆದ ಮಾರಣಹೋಮವನ್ನು ಹಿಟ್ಲರ್ ಎಂಬ ಒಬ್ಬ ರಾಕ್ಷಸನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ನಮಗೆಲ್ಲ ರೂಢಿಯಾಗಿದೆ. ನೆದರ್ಲೆಂಡ್ಸ್‌ನಲ್ಲಿ ನಡೆದದ್ದನ್ನು ಕಂಡವರು ಹಾಗೆ ಕೈತೊಳೆದುಕೊಳ್ಳಲು ಆಗದು. ಕೊಲ್ಲುವ ನಿರ್ಧಾರ ಜರ್ಮನ್ನರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಿರ್ಧಾರವನ್ನು ಮನೆಬಾಗಿಲಿಗೆ ಮುಟ್ಟಿಸಿದ್ದು ಯಹೂದಿಗಳ ಮೇಲೆ ಯಾವ ಹಗೆಯೂ ಇಲ್ಲದ, ಕೆಲಸದಲ್ಲಿ ಅಚ್ಚುಕಟ್ಟಾಗಿದ್ದ, ವೇಳೆಗೆ ಸರಿಯಾಗಿ ಕಚೇರಿಗೆ ಬರುತ್ತಿದ್ದ ಸಾವಿರಾರು ಸಭ್ಯ ನೌಕರರು. ಹೇಳಿದ ಕೆಲಸ ಮಾಡಿದೆವು ಎಂಬ ಅವರ ಸಮಜಾಯಿಷಿಯನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಆ ದೇಶದಲ್ಲಿ ಬದುಕಿ ಉಳಿದ ಯಹೂದಿಗಳಲ್ಲಿ ಬಹಳಷ್ಟು ಜನ ಉಳಿದದ್ದೇ ಕಾನೂನು ಮುರಿದು. ಅವರಿಗೆ ನೆರವಾದವರೂ ಕಾನೂನು ಮುರಿದವರೇ. ಮುರಿಯದವರೆಲ್ಲ, ತಿಳಿದೋ ತಿಳಿಯದೆಯೋ, ಕೊಲೆಗಾರರ ಕೈಗೆ ಕೈ ಜೋಡಿಸಿದರು.

ಅಂಕಿಗಳು ಇಷ್ಟು. 1940ರ ಮೇ 10ರಂದು ಜರ್ಮನಿ ದಾಳಿ ಮಾಡಿದಾಗ ನೆದರ್ಲೆಂಡ್ಸ್‌ನಲ್ಲಿ ಸುಮಾರು 1,40,000 ಯಹೂದಿಗಳಿದ್ದರು. ಅವರಲ್ಲಿ 1,07,000 ಜನರನ್ನು ರೈಲಿಗೆ ತುಂಬಿ ಸಾಗಿಸಿದರು. ತಿರುಗಿ ಬಂದವರು ಐದು ಸಾವಿರದಷ್ಟು. ನೂರಕ್ಕೆ ಎಪ್ಪತ್ತೈದು ಜನ ಸತ್ತರು. ಪಕ್ಕದ ಬೆಲ್ಜಿಯಂನಲ್ಲಿ ಸತ್ತವರು ನೂರಕ್ಕೆ ನಲವತ್ತರ ಆಸುಪಾಸು, ಫ್ರಾನ್ಸ್‌ನಲ್ಲಿ ಇಪ್ಪತ್ತೈದು. ಡೆನ್ಮಾರ್ಕ್‌ನಲ್ಲಿ 1943ರ ಅಕ್ಟೋಬರಿನಲ್ಲಿ ಮೀನುಗಾರರ ದೋಣಿಗಳು ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಸ್ವೀಡನ್‌ಗೆ ದಾಟಿಸಿದವು. ಶತಮಾನಗಳ ಕಾಲ ಯಹೂದಿಗಳಿಗೆ ಆಸರೆ ಕೊಟ್ಟ ನಾಡು, ಸಹಿಷ್ಣುತೆಗೆ ಯೂರೋಪಿನಲ್ಲೇ ಹೆಸರಾದ ನಾಡು, ಪಶ್ಚಿಮ ಯೂರೋಪಿನ ದೇಶಗಳಲ್ಲೇ ತೀರ ಕೆಟ್ಟ ಲೆಕ್ಕ ಒಪ್ಪಿಸಿತು.

ಇದಕ್ಕೆ ಡಚ್ಚರು ಕೊಡುವ ಕಾರಣಗಳಿವೆ, ಅವುಗಳಲ್ಲಿ ಸತ್ಯವೂ ಇದೆ. ನೆಲ ಅಂಗೈಯಷ್ಟು ಸಮತಟ್ಟು. ಬಚ್ಚಿಟ್ಟುಕೊಳ್ಳಲು ಬೆಟ್ಟವಿಲ್ಲ, ದೊಡ್ಡ ಕಾಡಿಲ್ಲ. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಜರ್ಮನ್ನರೇ ಹಿಡಿದ ಬೆಲ್ಜಿಯಂ, ಉಳಿದ ಕಡೆ ಕಾವಲಿದ್ದ ಕಡಲು. ಬೆಲ್ಜಿಯಂನಲ್ಲಿ ಸೇನೆಯ ಆಡಳಿತವಿದ್ದರೆ ಇಲ್ಲಿ ನಾಜಿ ಪಕ್ಷದ ಪಕ್ಕಾ ಮನುಷ್ಯ ಆರ್ತುರ್ ಸೈಸ್-ಇಂಕ್ವಾರ್ಟ್ ಕುಳಿತಿದ್ದ. ರಾಣಿ ವಿಲ್ಹೆಲ್ಮಿನಾ ಮಂತ್ರಿಗಳ ಸಮೇತ ಲಂಡನ್ ಸೇರಿದ್ದಳು. ಡೆನ್ಮಾರ್ಕ್‌ಗೆ ಸ್ವೀಡನ್ ಕೂಗಳತೆಯಲ್ಲಿತ್ತು, ಅಲ್ಲಿನ ಯಹೂದಿಗಳ ಸಂಖ್ಯೆಯೂ ಕಡಿಮೆ. ಇದೆಲ್ಲ ಸರಿ. ಈ ಕಾರಣಗಳು ಎಪ್ಪತ್ತೈದರಲ್ಲಿ ಒಂದಷ್ಟನ್ನು ವಿವರಿಸುತ್ತವೆ. ಉಳಿದದ್ದಕ್ಕೆ ಕಡತಗಳನ್ನೇ ಬಿಚ್ಚಬೇಕು.

1940ರ ಅಕ್ಟೋಬರಿನಲ್ಲಿ ಸರ್ಕಾರಿ ನೌಕರರಿಗೆಲ್ಲ ಒಂದು ನಮೂನೆ ಬಂತು. ತಾನು ಆರ್ಯನೋ ಯಹೂದಿಯೋ ಎಂದು ಬರೆದು ರುಜು ಹಾಕಬೇಕು. ಬೆರಳೆಣಿಕೆಯ ಜನ ಬಿಟ್ಟರೆ ಎಲ್ಲರೂ ಹಾಕಿದರು. ನ್ಯಾಯಾಧೀಶರೂ ಹಾಕಿದರು. ಮುಂದಿನ ತಿಂಗಳು ಯಹೂದಿ ನೌಕರರನ್ನು ಕೆಲಸದಿಂದ ಹೊರಗಿಟ್ಟಾಗ ಹೊರಬಿದ್ದವರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ಅಧ್ಯಕ್ಷ ಲೋಡೆವೈಕ್ ಎರ್ನ್ಸ್ಟ್ ವಿಸ್ಸರ್ ಕೂಡ ಒಬ್ಬರು. ತಮ್ಮ ಮುಖ್ಯಸ್ಥರನ್ನು ಹುಟ್ಟಿನ ಕಾರಣಕ್ಕೆ ಎಬ್ಬಿಸಿ ಕಳಿಸಿದಾಗ ಆ ಪೀಠದ ಸಹೋದ್ಯೋಗಿಗಳು ಬಹಿರಂಗವಾಗಿ ಒಂದು ಮಾತೂ ಆಡಲಿಲ್ಲ. ಖಾಲಿ ಕುರ್ಚಿಯ ಪಕ್ಕದಲ್ಲೇ ಕುಳಿತು ಕಲಾಪ ಮುಂದುವರಿಸಿದರು. ನೆದರ್ಲೆಂಡ್ಸ್‌ನ ಪತನ ಯಾವ ದಿನ ಆಯಿತೆಂದು ಕೇಳಿದರೆ ನಾವು ಜರ್ಮನ್ ಟ್ಯಾಂಕುಗಳು ಬಂದ ದಿನವನ್ನು ಹೇಳುವುದಿಲ್ಲ, ಆ ಕಲಾಪ ಮುಂದುವರಿದ ದಿನವನ್ನು ಹೇಳುತ್ತೇವೆ. ಕೆಳಗಿನ ಗುಮಾಸ್ತ ಮೇಲಿನವರ ಮುಖ ನೋಡುತ್ತಾನೆ. ದೇಶದ ಅತ್ಯುನ್ನತ ನ್ಯಾಯಪೀಠವೇ ಇದು ಸಹಿಸಬಹುದಾದ ವಿಷಯ ಎಂದು ಮೌನವಾಗಿ ತೀರ್ಪು ಕೊಟ್ಟ ಮೇಲೆ ಪುರಸಭೆಯ ಮೇಜಿನ ಹಿಂದೆ ಕುಳಿತವನು ಇನ್ನೇನು ಮಾಡಿಯಾನು?

ಅವನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ. ಜನಸಂಖ್ಯಾ ನೋಂದಣಿಯ ಮುಖ್ಯಸ್ಥ ಯಾಕೋಬ್ಯುಸ್ ಲೆಂಟ್ಸ್ ನಾಜಿ ಪಕ್ಷದವನಲ್ಲ, ಕೆಲಸದ ಹುಚ್ಚಿನವನು. ಯಾರೂ ನಕಲು ಮಾಡಲಾಗದ ಗುರುತಿನ ಚೀಟಿ ತಯಾರಿಸಬೇಕೆಂಬುದು ಯುದ್ಧಕ್ಕೆ ಮೊದಲಿನಿಂದಲೂ ಅವನ ಕನಸು. ಫೋಟೊ, ಬೆರಳಚ್ಚು, ವಿಶೇಷ ಕಾಗದ, ವಿಶೇಷ ಶಾಯಿ, ಜೊತೆಗೆ ಕೇಂದ್ರ ಕಚೇರಿಯಲ್ಲಿ ಪ್ರತಿಯೊಂದಕ್ಕೂ ಇನ್ನೊಂದು ಕಾರ್ಡು. ಜರ್ಮನ್ನರ ಆಳ್ವಿಕೆಯಲ್ಲಿ ಆ ಕನಸು ನನಸಾಯಿತು. ಯಹೂದಿಗಳ ಚೀಟಿಯ ಮೇಲೆ ದೊಡ್ಡದಾಗಿ ‘ಜೆ’ ಅಕ್ಷರದ ಮೊಹರು ಬಿತ್ತು. ಯೂರೋಪಿನ ಬೇರೆಡೆ ಸುಳ್ಳು ಕಾಗದ ಹಿಡಿದು ಬದುಕಿಕೊಂಡವರು ಎಷ್ಟೋ ಜನ. ನೆದರ್ಲೆಂಡ್ಸ್‌ನಲ್ಲಿ ಸುಳ್ಳು ಕಾಗದ ಮಾಡುವುದೇ ದುಸ್ತರವಾಯಿತು. ಇದೇ ಹೊತ್ತಿಗೆ, 1941ರ ಮೇ ತಿಂಗಳಲ್ಲಿ, ಆಮ್‌ಸ್ಟರ್‌ಡಾಂ ನಗರಸಭೆಯ ಸಂಖ್ಯಾಶಾಸ್ತ್ರ ವಿಭಾಗ ಒಂದು ನಕಾಶೆ ಬಿಡಿಸಿತು. ಊರಿನ ಬೀದಿಬೀದಿಯಲ್ಲೂ ಕಪ್ಪು ಚುಕ್ಕೆಗಳು. ಒಂದು ಚುಕ್ಕೆ ಎಂದರೆ ಹತ್ತು ಯಹೂದಿಗಳು. ಆ ನಕಾಶೆಯನ್ನು ಇವತ್ತು ನೋಡಿದರೂ ಕೈಬರಹದ ನಯ ಕಣ್ಣಿಗೆ ಬೀಳುತ್ತದೆ. ಯಾರೋ ತಾಳ್ಮೆಯಿಂದ, ಶಾಯಿ ಹರಡದ ಹಾಗೆ, ಒಂದೊಂದೇ ಚುಕ್ಕೆ ಇಟ್ಟಿದ್ದಾರೆ.

ನಿರಾಕರಿಸಲು ಸಾಧ್ಯವೇ ಇರಲಿಲ್ಲ ಎಂದು ವಾದಿಸುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ನಾಜಿಗಳು ವೈದ್ಯರ ಸಂಘವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಡಚ್ ವೈದ್ಯರು ತಮ್ಮ ವೃತ್ತಿಯ ಬಿರುದನ್ನೇ ಬಿಟ್ಟುಕೊಟ್ಟು, ಮನೆ ಮುಂದಿನ ಫಲಕದ ಮೇಲೆ ಡಾಕ್ಟರ್ ಎಂಬ ಮಾತನ್ನು ಮುಚ್ಚಿದರು. 1943ರಲ್ಲಿ ನಿಷ್ಠೆಯ ಪ್ರಮಾಣಪತ್ರಕ್ಕೆ ರುಜು ಹಾಕಿ ಎಂದಾಗ ಬಹುಪಾಲು ವಿದ್ಯಾರ್ಥಿಗಳು ಹಾಕಲಿಲ್ಲ. ಅದೇ ವರ್ಷ, ಬಿಡುಗಡೆಯಾಗಿದ್ದ ಡಚ್ ಸೈನಿಕರನ್ನು ಮತ್ತೆ ಸೆರೆಗೆ ಒಯ್ಯುತ್ತೇವೆ ಎಂದಾಗ ಲಕ್ಷಾಂತರ ಜನ ಮುಷ್ಕರ ಹೂಡಿದರು. 1944ರ ಸೆಪ್ಟೆಂಬರಿನಲ್ಲಿ ಲಂಡನ್‌ನಿಂದ ಕರೆ ಬಂದದ್ದೇ ತಡ, ಮೂವತ್ತು ಸಾವಿರ ರೈಲ್ವೆ ನೌಕರರು ಕೆಲಸ ಬಿಟ್ಟು ಮರೆಯಾದರು. ದೇಶದ ರೈಲು ನಿಂತೇ ಹೋಯಿತು. ಅಂದರೆ ಈ ಜನಕ್ಕೆ ಇಲ್ಲ ಎನ್ನಲು ಬರುತ್ತಿತ್ತು. ಒಟ್ಟಾಗಿ ಇಲ್ಲ ಎನ್ನಲೂ ಬರುತ್ತಿತ್ತು. ಆಶ್‌ವಿಟ್ಜ್‌ಗೆ ವೆಸ್ಟರ್‌ಬೋರ್ಕ್ ಶಿಬಿರದಿಂದ ಕೊನೆಯ ರೈಲು ಹೊರಟದ್ದು 1944ರ ಸೆಪ್ಟೆಂಬರ್ 3ರಂದು. ರೈಲ್ವೆ ಮುಷ್ಕರ ಶುರುವಾದದ್ದು 17ರಂದು. ಎರಡು ವರ್ಷಗಳ ಕಾಲ, ಹೆಚ್ಚಾಗಿ ಮಂಗಳವಾರಗಳಂದು, ತೊಂಬತ್ತಕ್ಕೂ ಹೆಚ್ಚು ರೈಲುಗಳು ಆ ಶಿಬಿರದಿಂದ ಹೊರಟವು. ಗಡಿಯವರೆಗೆ ಡಚ್ ರೈಲ್ವೆ. ಶಿಬಿರದ ಒಳಗಿನವರೆಗೆ ಹಳಿ ಹಾಕಿದ್ದೂ ಡಚ್ ರೈಲ್ವೆ. ಅದಕ್ಕೆ ಬಿಲ್ ಮಾಡಿ ಹಣ ಪಡೆದದ್ದೂ ಡಚ್ ರೈಲ್ವೆ. 1943ರ ಮಾರ್ಚ್‌ನಿಂದ ಜುಲೈವರೆಗೆ ಸೊಬಿಬೋರ್ ಶಿಬಿರಕ್ಕೆ ಹೋದ 19 ರೈಲುಗಳಲ್ಲಿ 34,313 ಜನರಿದ್ದರು. ಬದುಕಿ ಬಂದವರು 18.

ಹಾಗೆಂದು ಆ ದೇಶದಲ್ಲಿ ಮನುಷ್ಯರೇ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. 1940ರ ನವೆಂಬರ್ 26ರಂದು ಲೈಡನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ರುಡೋಲ್ಫ್ ಕ್ಲೇವರಿಂಗಾ, ತಮ್ಮ ಗುರು ಎಡ್ವಾರ್ಡ್ ಮೈಯರ್ಸ್ ಅವರನ್ನು ಯಹೂದಿ ಎಂಬ ಕಾರಣಕ್ಕೆ ತೆಗೆದುಹಾಕಿದಾಗ, ಅವರ ಪಾಠದ ಹೊತ್ತಿಗೆ ಎದ್ದುನಿಂತು ಗುರುವಿನ ವಿದ್ವತ್ತನ್ನು ಕೊಂಡಾಡಿ ಪ್ರತಿಭಟಿಸಿದರು. ಜೈಲಿಗೂ ಹೋದರು. 1941ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡಾಂನ ಯಹೂದಿ ಕೇರಿಗೆ ನುಗ್ಗಿ ನಾನೂರರಷ್ಟು ತರುಣರನ್ನು ಹಿಡಿದು ಹೊತ್ತೊಯ್ದಾಗ, ನಗರಸಭೆಯ ಇಬ್ಬರು ಕಮ್ಯುನಿಸ್ಟ್ ಕೆಲಸಗಾರರಾದ ಪಿಟ್ ನಾಕ್ ಮತ್ತು ವಿಲೆಮ್ ಕ್ರಾನ್ ಮುಂದೆ ನಿಂತು ಮುಷ್ಕರಕ್ಕೆ ಕರೆ ಕೊಟ್ಟರು. 25ರ ಬೆಳಗ್ಗೆ ಟ್ರಾಮ್‌ಗಳು ಓಡಲಿಲ್ಲ, ಹಡಗುಕಟ್ಟೆಗಳು ಸದ್ದಡಗಿದವು. ಜರ್ಮನ್ನರು ಗುಂಡು ಹಾರಿಸಿ ಎರಡು ದಿನದಲ್ಲಿ ಅದನ್ನು ಹೊಸಕಿದರು. ನ್ಯಾಯಪೀಠಕ್ಕೆ ಬಾರದ ಮಾತು ಬೀದಿಯಲ್ಲಿ ದುಡಿಯುವವರ ಬಾಯಲ್ಲಿ ಬಂತು.

ಕಡತವೇ ಕೊಲ್ಲುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಅರಿತವರು ಕಲಾವಿದರು. 1943ರ ಮಾರ್ಚ್ 27ರ ರಾತ್ರಿ ಶಿಲ್ಪಿ ಗೆರಿಟ್ ವಾನ್ ಡೆರ್ ವೇನ್, ಚಿತ್ರಕಾರ ವಿಲೆಮ್ ಅರೊಂಡೇಯುಸ್ ಮತ್ತು ಸಂಗಡಿಗರು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡಾಂನ ನೋಂದಣಿ ಕಚೇರಿಗೆ ನುಗ್ಗಿದರು. ಕಾವಲುಗಾರರಿಗೆ ನಿದ್ದೆ ಬರುವ ಸೂಜಿ ಚುಚ್ಚಿ, ಹೊತ್ತೊಯ್ದು ಪಕ್ಕದ ಮೃಗಾಲಯದ ಅಂಗಳದಲ್ಲಿ ಮಲಗಿಸಿದರು. ಒಬ್ಬರ ಜೀವವನ್ನೂ ತೆಗೆಯಬಾರದೆಂಬ ಹಟ ಅವರದು. ಕಪಾಟುಗಳನ್ನು ಎಳೆದು, ಕಾರ್ಡುಗಳನ್ನು ನೆಲಕ್ಕೆ ಸುರಿದು, ಬೆಂಕಿಯಿಟ್ಟರು. ಬಂದ ಅಗ್ನಿಶಾಮಕದವರು ಬೇಕೆಂದೇ ತಡ ಮಾಡಿದರು, ಆಮೇಲೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಹೊಯ್ದು ಉಳಿದ ಕಾಗದವನ್ನೂ ತೊಯ್ಸಿದರು. ಆದರೂ ಹಾಳಾದದ್ದು ನೂರಕ್ಕೆ ಹದಿನೈದು ಪಾಲು ಮಾತ್ರ. ಒತ್ತಾಗಿ ಜೋಡಿಸಿಟ್ಟ ಕಾರ್ಡು ಬೇಗ ಸುಡುವುದಿಲ್ಲ. ಜುಲೈ 1ರಂದು ಅರೊಂಡೇಯುಸ್ ಸೇರಿ ಹನ್ನೆರಡು ಜನರನ್ನು ಕಡಲತೀರದ ಮರಳುದಿಬ್ಬದಲ್ಲಿ ಗುಂಡಿಟ್ಟು ಕೊಂದರು.

ಈಗ ಬದುಕಿದವರ ಮಾತಿಗೆ ಬರೋಣ. ಯಹೂದಿಗಳು ಕುರಿಗಳ ಹಾಗೆ ಕಟುಕನ ಹಿಂದೆ ನಡೆದುಹೋದರು ಎಂಬ ಮಾತನ್ನು ಇವತ್ತಿಗೂ ಕೆಲವರು ಆಡುತ್ತಾರೆ. ಆಡುವವರಿಗೆ ನಾಚಿಕೆಯಾಗಬೇಕು. ಡಚ್ ಭಾಷೆಯಲ್ಲಿ ಆ ಕಾಲದ ಒಂದು ಮಾತಿದೆ, ‘ಓಂಡರ್‌ಡೌಕೆನ್’. ನೀರಿನಲ್ಲಿ ಮುಳುಗು ಹಾಕುವುದು ಎಂದರ್ಥ. ಕಣ್ಣಿಗೆ ಬೀಳದ ಹಾಗೆ ಮರೆಯಾಗಿ ಬದುಕುವುದಕ್ಕೆ ಜನ ಆ ಹೆಸರಿಟ್ಟರು. 1942ರ ಜುಲೈ 5ರಂದು ಹದಿನಾರು ವರ್ಷದ ಮಾರ್ಗೋಟ್ ಫ್ರಾಂಕ್‌ಗೆ ದುಡಿಮೆ ಶಿಬಿರಕ್ಕೆ ಹಾಜರಾಗಲು ಓಲೆ ಬಂತು. ಮರುದಿನವೇ ಆ ಮನೆಯವರೆಲ್ಲ ಮುಳುಗು ಹಾಕಿದರು. ಅವಳ ತಂಗಿ ಆನ್‌ಳ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಆ ಓಲೆಗೆ ಓಗೊಡದಿರುವುದೇ ಒಂದು ಅಪರಾಧ, ಆ ಅಪರಾಧವನ್ನು ಸುಮಾರು 28,000 ಯಹೂದಿಗಳು ಮಾಡಿದರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸಿಕ್ಕಿಬಿದ್ದರು. ಹದಿನಾರು ಹದಿನೇಳು ಸಾವಿರ ಮಂದಿ ಯುದ್ಧ ಮುಗಿಯುವವರೆಗೆ ಉಸಿರು ಹಿಡಿದು ಕಾದರು.

ಮುಳುಗು ಹಾಕುವುದು ಎಂದರೆ ಏನು? ಅಟ್ಟದಲ್ಲಿ, ಹುಲ್ಲಿನ ಕೊಟ್ಟಿಗೆಯಲ್ಲಿ, ಬೀರುವಿನ ಹಿಂದಿನ ಮೂರಡಿ ಜಾಗದಲ್ಲಿ ತಿಂಗಳುಗಟ್ಟಲೆ ಇರುವುದು. ಹಗಲು ನೀರಿನ ನಲ್ಲಿ ತಿರುಗಿಸದಿರುವುದು. ಕೆಮ್ಮು ಬಂದರೆ ಬಾಯಿಗೆ ಬಟ್ಟೆ ತುರುಕಿಕೊಳ್ಳುವುದು. ಪಕ್ಕದ ಮನೆಯವನಿಗೆ ಸಂಶಯ ಬಂದರೆ ರಾತ್ರೋರಾತ್ರಿ ಇನ್ನೊಂದು ಮನೆ ಹುಡುಕುವುದು. ಮಕ್ಕಳಾದರೆ ಹೊಸ ಹೆಸರು, ಹೊಸ ಪ್ರಾರ್ಥನೆ ಬಾಯಿಪಾಠ ಮಾಡಬೇಕು, ಅಮ್ಮನ ಹೆಸರು ಮರೆಯಬೇಕು. ಯಾರಾದರೂ ಕೇಳಿದರೆ ರಾಟರ್‌ಡಾಂನಲ್ಲಿ ಬಾಂಬಿಗೆ ಮನೆ ಕಳೆದುಕೊಂಡ ಅನಾಥ ಮಗು ಎಂದು ಹೇಳಬೇಕು. ಮರೆಯಲ್ಲಿದ್ದವರಿಗೆ ರೇಷನ್ ಚೀಟಿ ಇಲ್ಲ. ಇನ್ಯಾರೋ ಕದ್ದು ತರಬೇಕು. ಆಸರೆ ಕೊಟ್ಟವರಲ್ಲಿ ಎಷ್ಟೋ ಜನ ತಿಂಗಳಿಗಿಷ್ಟು ಎಂದು ಹಣ ಕೇಳಿದರು. ಅದು ಪಾಪವಲ್ಲ, ಅವರ ಮನೆಯಲ್ಲೂ ಹಸಿವಿತ್ತು. ಆದರೆ ತಳ್ಳುಗಾಡಿಯಲ್ಲಿ ಮಾರುತ್ತಿದ್ದ, ವಜ್ರಕ್ಕೆ ಸಾಣೆ ಹಿಡಿಯುತ್ತಿದ್ದ ಆಮ್‌ಸ್ಟರ್‌ಡಾಂನ ಬಡ ಯಹೂದಿಯ ಬಳಿ ಆ ಹಣ ಎಲ್ಲಿತ್ತು? ಹಳ್ಳಿಗಾಡಿನ ಪರಿಚಯ ಎಲ್ಲಿತ್ತು? ಬಡವರು ಹೆಚ್ಚಾಗಿ ಸತ್ತರು. ಬದುಕಿನ ಸರದಿಯಲ್ಲೂ ಬಡತನ ಹಿಂದೆ ನಿಂತಿತು.

ಉಳಿಸಿದವರೆಲ್ಲ ಕ್ರೈಸ್ತ ನೆರೆಹೊರೆಯವರು, ಉಳಿದವರು ಯಹೂದಿಗಳು ಎಂದು ಎರಡು ಕಂಬ ನೆಟ್ಟು ಹೇಳುವ ಕಥೆಯೂ ಅರ್ಧ ಸುಳ್ಳು. ಡ್ರೆಂತೆ ಪ್ರಾಂತ್ಯದ ನ್ಯೂಲಾಂಡೆ ಎಂಬ ಹಳ್ಳಿಯಲ್ಲಿ ಮನೆಮನೆಯಲ್ಲೂ ಯಹೂದಿಗಳನ್ನು ಬಚ್ಚಿಟ್ಟಿದ್ದರು. ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಆ ಊರಿಗೆ ಊರನ್ನೇ ಗೌರವಿಸಿದೆ. ಅಲ್ಲಿ ತೋಟದ ಕೆಲಸ ಬಲ್ಲ ಆರ್ನೊಲ್ಡ್ ಡೌವೆಸ್ ಜೊತೆ ಸೈಕಲ್ ತುಳಿಯುತ್ತ ಮನೆಬಾಗಿಲು ತಟ್ಟಿದವನು ಮಾಕ್ಸ್ ಲಿಯೋನ್ಸ್, ತಾನೇ ಯಹೂದಿ. ಯೋಪ್ ವೆಸ್ಟರ್‌ವೇಲ್ ಎಂಬ ಶಾಲಾಮಾಸ್ತರರ ಜೊತೆ ಸೇರಿ ಯಹೂದಿ ತರುಣರನ್ನು ಬೆಲ್ಜಿಯಂ, ಫ್ರಾನ್ಸ್ ದಾಟಿಸಿ ಪಿರೆನೀಸ್ ಪರ್ವತದ ಆಚೆಗೆ ಮುಟ್ಟಿಸುವ ದಾರಿ ಹುಡುಕಿದವನು ಯೋಆಖಿಮ್ ಸೀಮೋನ್, ಅವನೂ ಯಹೂದಿ. ಇಬ್ಬರೂ, ಮೇಷ್ಟರು ಮತ್ತು ಸೀಮೋನ್, ಯುದ್ಧ ಮುಗಿಯುವುದನ್ನು ಕಾಣಲಿಲ್ಲ. ಇನ್ನು ಕೆಲವರು ಕಡತವನ್ನು ಕಡತದಿಂದಲೇ ಸೋಲಿಸಿದರು. ಹೇಗ್ ನಗರದಲ್ಲಿ ವಂಶದ ಸಂದೇಹ ಪರಿಹರಿಸುವ ಮೇಜಿನ ಹಿಂದೆ ಕುಳಿತಿದ್ದ ಜರ್ಮನ್ ವಕೀಲ ಹಾನ್ಸ್ ಕಾಲ್ಮೈಯರ್ ಮುಂದೆ ಸಾವಿರಾರು ಯಹೂದಿಗಳು ಸುಳ್ಳು ವಂಶಾವಳಿ ತಂದಿಟ್ಟರು: ನನ್ನ ನಿಜವಾದ ತಂದೆ ಬೇರೆ, ನನ್ನ ಅಜ್ಜಿ ದೀಕ್ಷಾಸ್ನಾನವಾದವಳು ಎಂದು. ಅಜ್ಜಿಯ ಶೀಲದ ಮೇಲೆ ಸುಳ್ಳು ಹೇಳಿ ಮೊಮ್ಮಕ್ಕಳನ್ನು ಉಳಿಸಿಕೊಂಡರು. ಸುಳ್ಳೆಂದು ಬಲ್ಲ ಆತ ಅನೇಕ ಬಾರಿ ಒಪ್ಪಿ ರುಜು ಹಾಕಿದ. ಅದೇ ರುಜು, ಅದೇ ಮೊಹರು. ಈ ಕೈಯಲ್ಲಿ ಜೀವ ಉಳಿಸಿತು.

ಆಮ್‌ಸ್ಟರ್‌ಡಾಂನ ಪ್ಲಾಂಟಾಜ್ ಮಿಡ್ಡನ್‌ಲಾನ್ ಬೀದಿಯಲ್ಲಿ ಒಂದು ನಾಟಕಶಾಲೆಯಿತ್ತು. 1942ರ ಬೇಸಿಗೆಯಿಂದ ಅದನ್ನು ಯಹೂದಿಗಳನ್ನು ಕೂಡಿಹಾಕುವ ದೊಡ್ಡಿ ಮಾಡಿದರು. ಕುರ್ಚಿ ಕಿತ್ತ ಸಭಾಂಗಣದಲ್ಲಿ ನೂರಾರು ಜನ, ರೈಲಿನ ಸರದಿಗೆ ಕಾಯುತ್ತ. ಮಕ್ಕಳ ಅಳು ಜರ್ಮನ್ನರಿಗೆ ಕಿರಿಕಿರಿ ಎಂದು ಸಣ್ಣವರನ್ನು ಎದುರಿಗಿದ್ದ ಶಿಶುವಿಹಾರಕ್ಕೆ ದಾಟಿಸಿದರು. ಅದರ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್, ಯಹೂದಿ. ನಾಟಕಶಾಲೆಯ ದಾಖಲೆ ನೋಡಿಕೊಳ್ಳುತ್ತಿದ್ದವನು ವಾಲ್ಟರ್ ಸ್ಯೂಸ್ಕಿಂಡ್, ಜರ್ಮನಿಯಿಂದ ಓಡಿಬಂದ ಯಹೂದಿ. ಶಿಶುವಿಹಾರದ ಹಿತ್ತಲಿಗೆ ಬೇಲಿಯೊಂದೇ ಅಡ್ಡವಾಗಿದ್ದ ಪಕ್ಕದ ಕಟ್ಟಡ ಶಿಕ್ಷಕರ ತರಬೇತಿ ಕಾಲೇಜು. ಅದರ ಮುಖ್ಯಸ್ಥ ಯೋಹಾನ್ ವಾನ್ ಹುಲ್ಸ್ಟ್, ಕ್ರೈಸ್ತ. ಸ್ಯೂಸ್ಕಿಂಡ್ ಪಟ್ಟಿಯಿಂದ ಹೆಸರು ಅಳಿಸುವುದು, ಪಿಮೆಂಟೆಲ್ ಮಗುವನ್ನು ಬೇಲಿಯ ಮೇಲಿಂದ ದಾಟಿಸುವುದು, ವಾನ್ ಹುಲ್ಸ್ಟ್ ಅದನ್ನು ತರಗತಿಯೊಂದರಲ್ಲಿ ಮಲಗಿಸುವುದು, ವಿದ್ಯಾರ್ಥಿಗಳು ಬಂದು ಚೀಲದಲ್ಲೋ ಬಟ್ಟೆ ಬುಟ್ಟಿಯಲ್ಲೋ ಇಟ್ಟುಕೊಂಡು ಹೋಗುವುದು. ನಾಟಕಶಾಲೆಯ ಬಾಗಿಲಲ್ಲಿ ಕಾವಲಿತ್ತು. ಆದರೆ ಬೀದಿಯ ನಡುವೆ ಟ್ರಾಮ್ ಓಡುತ್ತಿತ್ತು. ಟ್ರಾಮ್ ಬಂದು ಎದುರಿಗೆ ನಿಂತಷ್ಟು ಹೊತ್ತು ಕಾವಲುಗಾರನಿಗೆ ಆಚೆ ಬದಿ ಕಾಣುತ್ತಿರಲಿಲ್ಲ. ಆ ಕ್ಷಣಕ್ಕೆ ಕಾದು, ಮಗುವನ್ನು ಎತ್ತಿಕೊಂಡು, ಟ್ರಾಮಿನ ಪಕ್ಕದಲ್ಲೇ ಓಡಿ ಮುಂದಿನ ನಿಲ್ದಾಣದಲ್ಲಿ ಹತ್ತಿಬಿಡುವುದು.

ಇದಕ್ಕೆ ಮೊದಲು ತಾಯಿಯ ಒಪ್ಪಿಗೆ ಬೇಕಿತ್ತು. ನಾಳೆಯೋ ನಾಡಿದ್ದೋ ರೈಲು ಹತ್ತುವ ಹೆಂಗಸಿನ ಬಳಿ ಹೋಗಿ ನಿನ್ನ ಮಗುವನ್ನು ನಮಗೆ ಕೊಟ್ಟುಬಿಡು, ಎಲ್ಲಿ ಇಡುತ್ತೇವೆ ಎಂದು ಕೇಳಬೇಡ ಎಂದು ಹೇಳಬೇಕಿತ್ತು. ಎಷ್ಟೋ ತಾಯಂದಿರು ಒಪ್ಪಲಿಲ್ಲ. ಮಗು ತನ್ನ ಜೊತೆಗಿದ್ದರೆ ಕ್ಷೇಮ ಎಂದು ನಂಬಿದರು. ಯಾವ ತಾಯಿ ನಂಬುವುದಿಲ್ಲ? ಒಪ್ಪಿದವರಲ್ಲಿ ಕೆಲವರು ಎಣಿಕೆ ತಪ್ಪಬಾರದೆಂದು ಬಟ್ಟೆ ಸುತ್ತಿದ ಬೊಂಬೆಯನ್ನು ಎದೆಗೆ ಒತ್ತಿಕೊಂಡು ರೈಲಿಗೆ ಹೋದರು. ಹೀಗೆ ಆರುನೂರರಷ್ಟು ಮಕ್ಕಳು ಉಳಿದರು. ಪಿಮೆಂಟೆಲ್‌ರನ್ನು 1943ರ ಜುಲೈನಲ್ಲಿ ಹಿಡಿದು ಸೆಪ್ಟೆಂಬರಿನಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು. ಸ್ಯೂಸ್ಕಿಂಡ್ ಕುಟುಂಬ ಸಮೇತ ಇಲ್ಲವಾದ. ವಾನ್ ಹುಲ್ಸ್ಟ್ ನೂರೇಳು ವರ್ಷ ಬದುಕಿ 2018ರಲ್ಲಿ ತೀರಿಕೊಂಡರು. ಶಿಶುವಿಹಾರ ಖಾಲಿ ಮಾಡಿಸಿದ ಕೊನೆಯ ಹೊತ್ತಿನಲ್ಲಿ ಹನ್ನೆರಡು ಮಕ್ಕಳನ್ನು ಆರಿಸಿಕೊಂಡು ಹೊರಟದ್ದನ್ನು ನೆನೆದು, ಹದಿಮೂರನೆಯದನ್ನು ಏಕೆ ಕರೆದುಕೊಳ್ಳಲಿಲ್ಲ ಎಂದು ಮುಪ್ಪಿನಲ್ಲೂ ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದರು. ರುಜು ಹಾಕಿದವರಲ್ಲಿ ಎಷ್ಟು ಮಂದಿಗೆ ಅಂಥ ಒಂದು ರಾತ್ರಿಯ ನಿದ್ದೆಯಾದರೂ ಕೆಟ್ಟಿತ್ತು?

ನಿದ್ದೆ ಕೆಡದವರಲ್ಲಿ ತಲೆಗೆ ಏಳೂವರೆ ಗಿಲ್ಡರ್‌ನಂತೆ ಬಚ್ಚಿಟ್ಟುಕೊಂಡವರನ್ನು ಹಿಡಿದುಕೊಟ್ಟ ಹೆನೈಕೆ ಪಡೆಯವರಿದ್ದರು. 1943ರ ಕೆಲವೇ ತಿಂಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಅವರು ಒಪ್ಪಿಸಿದರು. ಅವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಣಕ್ಕೆ ತಲೆ ಮಾರುವವನನ್ನು ಎಲ್ಲ ದೇಶವೂ ಗುರುತಿಸುತ್ತದೆ. ಜರ್ಮನ್ನರ ಆದೇಶದಂತೆ ರಚನೆಯಾದ ಯಹೂದಿ ಮಂಡಳಿಯ ಮುಖ್ಯಸ್ಥರಾದ ಅಬ್ರಹಾಂ ಆಶ್ಶರ್ ಮತ್ತು ಡೇವಿಡ್ ಕೋಹೆನ್ ಅವರ ಮೇಲೂ ದೂರಿದೆ. ಪಟ್ಟಿ ಮಾಡಿಕೊಟ್ಟರು, ಶಾಂತವಾಗಿರಿ ಎಂದರು, ಕೆಲವರನ್ನು ಉಳಿಸಲು ಉಳಿದವರನ್ನು ಬಿಟ್ಟರು. ತಪ್ಪು ನಿಜ. ಕೊರಳಿಗೆ ಹಗ್ಗ ಬಿದ್ದವನ ತಪ್ಪನ್ನೂ ಹಗ್ಗ ಹೊಸೆದುಕೊಟ್ಟವನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾವು ಸಿದ್ಧರಿಲ್ಲ. ಆದರೂ ನೋಡಿ: ಅಳಿದುಳಿದ ಯಹೂದಿಗಳು 1947ರಲ್ಲಿ ತಮ್ಮದೇ ಗೌರವ ನ್ಯಾಯಮಂಡಳಿ ಕೂಡಿಸಿ ಈ ಇಬ್ಬರನ್ನೂ ದೋಷಿಗಳೆಂದು ಘೋಷಿಸಿದರು. ಗುರುತಿನ ಚೀಟಿಯ ಲೆಂಟ್ಸ್‌ಗೆ ಡಚ್ ಸರ್ಕಾರದ ನ್ಯಾಯಾಲಯ ಕೊಟ್ಟದ್ದು ಮೂರು ವರ್ಷದ ಸಜೆ. ನಕಾಶೆಗೆ ಚುಕ್ಕೆ ಇಟ್ಟ ಕೈಯನ್ನು ಯಾರೂ ಕೇಳಲಿಲ್ಲ.

ಬಾಗಿಲು ಮುಚ್ಚುವ ಕೆಲಸ ಯುದ್ಧಕ್ಕೆ ಮೊದಲೇ ಶುರುವಾಗಿತ್ತು ಎಂಬುದನ್ನೂ ಹೇಳಬೇಕು. ವೆಸ್ಟರ್‌ಬೋರ್ಕ್ ಶಿಬಿರ ಕಟ್ಟಿದ್ದು ಜರ್ಮನ್ನರಲ್ಲ. 1939ರಲ್ಲಿ ಡಚ್ ಸರ್ಕಾರ, ಜರ್ಮನಿಯಿಂದ ಓಡಿಬಂದ ಯಹೂದಿಗಳನ್ನು ಊರಿಂದ ದೂರ ಇಡಲು. ಅದರ ಖರ್ಚನ್ನು ಯಹೂದಿ ಸಂಘಟನೆಗಳ ತಲೆಗೇ ಕಟ್ಟಿತು. ಮೊದಲು ಆರಿಸಿದ್ದ ಜಾಗ ರಾಣಿಯ ಅರಮನೆಗೆ ಹತ್ತಿರವಾಯಿತೆಂದು ಆಕ್ಷೇಪ ಬಂದು ಡ್ರೆಂತೆಯ ಬಯಲಿಗೆ ಸರಿಸಿದರು. 1938ರಲ್ಲಿ ಏವಿಯಾನ್‌ನಲ್ಲಿ 32 ದೇಶಗಳು ಸೇರಿ ನಿರಾಶ್ರಿತ ಯಹೂದಿಗಳ ಬಗ್ಗೆ ಮರುಕ ಹೇಳಿ ಎದ್ದುಹೋದವು. ನಮ್ಮ ಬೆಂಗಳೂರೂ ಈ ಲೆಕ್ಕದಿಂದ ಹೊರಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಗೆ 1935ರಲ್ಲಿ ಸಿ.ವಿ. ರಾಮನ್ ಕರೆಸಿಕೊಂಡ ಭೌತವಿಜ್ಞಾನಿ ಮಾಕ್ಸ್ ಬಾರ್ನ್, ನಾಜಿಗಳು ಗಟಿಂಗನ್‌ನಿಂದ ಹೊರಹಾಕಿದ ಯಹೂದಿ. ಬಾರ್ನ್ ಅವರಿಗೆ ಇಲ್ಲೇ ಕಾಯಂ ಹುದ್ದೆ ಕೊಡಿಸಲು ರಾಮನ್ ಹೊರಟಾಗ, ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೇಕೆ ಎಂಬ ಅರ್ಥದ ಮಾತಾಡಿದ. ಹುದ್ದೆ ಸಿಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಅವರ ಬಂಧು, ಬರ್ಲಿನ್‌ನಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡ ಯಹೂದಿ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್‌ಗೆ 1939ರಲ್ಲಿ ಮೈಸೂರು ಸಂಸ್ಥಾನ ಮುಖ್ಯ ವಾಸ್ತುಶಿಲ್ಪಿಯ ಹುದ್ದೆ ಕೊಟ್ಟಿತು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೈಕೆಲಸ. ಒಂದೇ ಊರು, ಒಂದೇ ಮನೆತನ, ಮೂರ್ನಾಲ್ಕು ವರ್ಷದ ಅಂತರ. ಒಬ್ಬರಿಗೆ ಮುಚ್ಚಿದ ಬಾಗಿಲು ಇನ್ನೊಬ್ಬರಿಗೆ ತೆರೆದದ್ದು ಮೇಜಿನ ಆಚೆ ಕುಳಿತವರ ಮನಸ್ಸಿನಿಂದ.

1945ರಲ್ಲಿ ಶಿಬಿರಗಳಿಂದ, ಅಟ್ಟಗಳಿಂದ ಹೊರಬಂದ ಯಹೂದಿಗಳನ್ನು ನೆದರ್ಲೆಂಡ್ಸ್ ಹೇಗೆ ಬರಮಾಡಿಕೊಂಡಿತು? ಅವರ ಮನೆಗಳಲ್ಲಿ ಬೇರೆಯವರು ವಾಸವಾಗಿದ್ದರು. ಆಮ್‌ಸ್ಟರ್‌ಡಾಂ ನಗರಸಭೆ ಅವರಿಗೆ ನೋಟಿಸ್ ಕಳಿಸಿತು: ಯುದ್ಧದ ವರ್ಷಗಳಲ್ಲಿ ನಿಮ್ಮ ಮನೆಯ ನೆಲಬಾಡಿಗೆ ಕಟ್ಟಿಲ್ಲ, ಬಾಕಿ ಕಟ್ಟಿ, ತಡವಾದದ್ದಕ್ಕೆ ದಂಡವನ್ನೂ ಕಟ್ಟಿ. ಆಶ್‌ವಿಟ್ಜ್‌ನಲ್ಲಿದ್ದವನು ಆಮ್‌ಸ್ಟರ್‌ಡಾಂನ ಬಾಡಿಗೆ ಹೇಗೆ ಕಟ್ಟಿಯಾನು ಎಂದು ಆ ನೋಟಿಸಿಗೆ ರುಜು ಹಾಕಿದ ಅಧಿಕಾರಿ ಯೋಚಿಸಲಿಲ್ಲ. ಐದು ವರ್ಷ ಹಿಂದೆ ಒಂದು ಗಿಲ್ಡರ್ ಎಣಿಸಿಕೊಂಡ ಬುದ್ಧಿಯೇ ಇದು. ಯುದ್ಧ ಮುಗಿದರೂ ಅದು ಬದಲಾಗಿರಲಿಲ್ಲ. ಅನಾಥ ಮಕ್ಕಳ ವಿಷಯದಲ್ಲೂ ಹಾಗೆಯೇ. ಒಂದು ತಿಂಗಳೊಳಗೆ ಬಂದು ಕೇಳದ ತಂದೆತಾಯಿಗೆ ಮಕ್ಕಳ ಮೇಲಿನ ಹಕ್ಕು ತಪ್ಪುತ್ತದೆ ಎಂದು ನಿಯಮ ಮಾಡಿದರು, ಆ ತಂದೆತಾಯಿ ಯಾವ ಹೊಗೆಯಲ್ಲಿ ಹೋದರೆಂದು ತಿಳಿದೂ. ಸುಮಾರು ಎರಡು ಸಾವಿರ ಅನಾಥರು ಯಹೂದಿ ಬಂಧುಗಳಿಗೆ ಸೇರಬೇಕೋ ಸಾಕಿದ ಕ್ರೈಸ್ತ ಮನೆಗಳಲ್ಲೇ ಇರಬೇಕೋ ಎಂದು ಸರ್ಕಾರದ ಸಮಿತಿ ವರ್ಷಗಟ್ಟಲೆ ಜಗ್ಗಾಡಿತು.

ಎಡ್ವಾರ್ಡ್ ಮೈಯರ್ಸ್, ಕ್ಲೇವರಿಂಗಾರ ಗುರು, ವೆಸ್ಟರ್‌ಬೋರ್ಕ್ ಮತ್ತು ಟೆರೆಜಿಯೆನ್‌ಸ್ಟಾಟ್ ಶಿಬಿರಗಳೆರಡನ್ನೂ ಉಂಡು ಬದುಕಿ ಬಂದರು. 1947ರಲ್ಲಿ ಡಚ್ ಸರ್ಕಾರ ದೇಶದ ಹೊಸ ನಾಗರಿಕ ಸಂಹಿತೆ ಬರೆಯುವ ಕೆಲಸವನ್ನು ಅವರಿಗೆ ವಹಿಸಿತು. ತನ್ನನ್ನು ಹೊರದೂಡಿದ ದೇಶಕ್ಕೆ ಅವರು ಕಾನೂನು ಬರೆದುಕೊಟ್ಟರು.

ಕ್ಷಮೆ ಬಂತು, ತಡವಾಗಿ. ರೈಲ್ವೆ ಕ್ಷಮೆ ಕೇಳಿದ್ದು 2005ರಲ್ಲಿ. ಪರಿಹಾರ ಕೊಡಲು ಒಪ್ಪಿದ್ದು, ಸಾಲೊ ಮ್ಯೂಲರ್ ಎಂಬ ಮುದುಕ ಬೆನ್ನುಬಿದ್ದ ಮೇಲೆ. ಅಯಾಕ್ಸ್ ಫುಟ್‌ಬಾಲ್ ತಂಡದ ಹಳೆಯ ಫಿಸಿಯೋಥೆರಪಿಸ್ಟ್ ಆತ. ಐದಾರು ವರ್ಷದವನಿದ್ದಾಗ ಅಮ್ಮ ಬೆಳಗ್ಗೆ ಬಿಟ್ಟುಹೋಗುತ್ತ, ಜಾಣನಾಗಿರು, ಸಂಜೆ ಬರುತ್ತೇನೆ ಎಂದವಳು ಮತ್ತೆ ಬರಲಿಲ್ಲ. ಬದುಕುಳಿದವರಿಗೆ ತಲಾ 15,000 ಯೂರೋ ಎಂದು 2019ರಲ್ಲಿ ನಿಗದಿಯಾಯಿತು. ಅಷ್ಟರಲ್ಲಿ ಪಡೆಯಬೇಕಾದವರು ಬಹುಪಾಲು ಮಣ್ಣಾಗಿದ್ದರು. ಸರ್ಕಾರದ ಪರವಾಗಿ ಪ್ರಧಾನಿ ಮಾರ್ಕ್ ರುಟ್ಟೆ ಕ್ಷಮೆ ಕೇಳಿದ್ದು 2020ರ ಜನವರಿಯಲ್ಲಿ, ಎಪ್ಪತ್ತೈದು ವರ್ಷದ ಮೇಲೆ. ಆಮ್‌ಸ್ಟರ್‌ಡಾಂ ನಗರದ ಪರವಾಗಿ ಮೇಯರ್ ಫೆಮ್ಕೆ ಹಾಲ್ಸೆಮಾ ಕೇಳಿದ್ದು 2025ರ ಏಪ್ರಿಲ್‌ನಲ್ಲಿ. ಸತ್ತ 1,02,000ಕ್ಕೂ ಹೆಚ್ಚು ಜನರ ಹೆಸರನ್ನು ಒಂದೊಂದು ಇಟ್ಟಿಗೆಯ ಮೇಲೆ ಕೊರೆದ ಸ್ಮಾರಕ 2021ರಲ್ಲಿ ಅನಾವರಣವಾಯಿತು. ಅದಕ್ಕೂ ಮುನ್ನ ಅಕ್ಕಪಕ್ಕದ ನಿವಾಸಿಗಳು ಬೇಡವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಈ ಕ್ಷಮೆಗಳನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಯಾರಿಗೆ ಹೇಳಬೇಕಿತ್ತೋ ಅವರು ಕೇಳುವ ಸ್ಥಿತಿಯಲ್ಲಿಲ್ಲದ ಹೊತ್ತಿಗೆ ಹೇಳಿದ್ದಕ್ಕೆ ಪೂರ್ಣ ಅಂಕ ಕೊಡಲಾರೆವು. 1947ರಲ್ಲಿ ಕಳಿಸಬೇಕಾಗಿದ್ದ ಪತ್ರ ಅದು. ಆಗ ಕಳಿಸಿದ್ದು ಬಾಡಿಗೆ ಬಾಕಿಯ ನೋಟಿಸ್.

ವಾನ್ ಹುಲ್ಸ್ಟ್ ಮಕ್ಕಳನ್ನು ಬಚ್ಚಿಟ್ಟ ಆ ಕಾಲೇಜು ಕಟ್ಟಡದಲ್ಲಿ 2024ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹೊಲೊಕಾಸ್ಟ್ ಮ್ಯೂಸಿಯಂ ತೆರೆಯಿತು. ಎದುರಿಗೆ ನಾಟಕಶಾಲೆಯ ಮುಂಗೋಡೆ ನಿಂತಿದೆ. ನಡುವೆ ಟ್ರಾಮ್ ಇವತ್ತೂ ಓಡುತ್ತದೆ. ಆರುನೂರು ಮಕ್ಕಳಿಗೆ ಮರೆಯಾಗಿ ನಿಂತದ್ದು ನಗರದ ಆ ಟ್ರಾಮ್. ಸಾವಿರಾರು ಯಹೂದಿಗಳನ್ನು ರಾತ್ರಿ ಹೊತ್ತು ರೈಲು ನಿಲ್ದಾಣಕ್ಕೆ ಮುಟ್ಟಿಸಿದ್ದೂ ನಗರದ ಟ್ರಾಮೇ. ಆ ಓಡಾಟದ ಬಾಬತ್ತು ಟ್ರಾಮ್ ಸಂಸ್ಥೆ ಜರ್ಮನ್ನರಿಗೆ ಬಿಲ್ ಕಳಿಸುತ್ತಿತ್ತು. ಯುದ್ಧ ಮುಗಿದಾಗ ಒಂದಿಷ್ಟು ಹಣ ಬರುವುದು ಬಾಕಿಯಿತ್ತು. ಸಂಸ್ಥೆ ಅದರ ವಸೂಲಿಗೆ ಪತ್ರ ಬರೆಯಿತು.